ಒಂದು ಮುಂಗಾಲಿನ ಬಾಕಿ: ಹಳೆಯ ಜೀಪಿನ ಮುಂದಿನ ಆಕ್ಸಲ್ ದುರಸ್ತಿಯ ದಿನಚರಿ

ಕಳೆದ ವರ್ಷ ನವೆಂಬರ್ ಮೊದಲ ವಾರದಲ್ಲಿ ಒಂದು ಜಿಂಕೆಯ ಎಡ ಮುಂಗಾಲು ಕೊಳೆತುಹೋಯಿತು. ಬೇಟೆಯಾಡಿದವರು ನಮ್ಮ ಪಕ್ಕದ ಮನೆಯ ಹಿರಿಯರು. ಪರವಾನಗಿ ಅವರದು, ಈಡು ಅವರದು. ಗಾಡಿ ಮಾತ್ರ ನನ್ನದು. ಆ ಗಾಡಿ ನಡೆದಿದ್ದರೆ ಮಾಂಸ ಅಂದೇ ರಾತ್ರಿ ಹತ್ತು ಗಂಟೆಯೊಳಗೆ ಮಾಂಟ್ರೋಸ್ ಊರಿನ ಶೀತಲಗೃಹವನ್ನು ಸೇರಿರುತ್ತಿತ್ತು. ಅದು ನಡೆಯಲಿಲ್ಲ. ಈ ಬೇಸಿಗೆಯ ವಾರಾಂತ್ಯಗಳನ್ನೆಲ್ಲ ನಾನು ಜೀಪಿನ ಮುಂದಿನ ಆಕ್ಸಲ್ ಕೆಳಗೆ ಮಲಗಿ ಕಳೆದದ್ದು ಆ ಕಾರಣಕ್ಕೆ. ಮಾಡಿದ ಕೆಲಸ, ಮಾಡಿದ ತಪ್ಪು, ಆದ ಖರ್ಚು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಮೂಡಿಗೆರೆ ಕಡೆಯವನು. ಈಗ ಇರುವುದು ಅಮೆರಿಕದ ಕೊಲರಾಡೊದಲ್ಲಿ, ಡೆನ್ವರ್ ಪಕ್ಕದ ಲೇಕ್‌ವುಡ್‌ನಲ್ಲಿ. ನಾನು ಹುಟ್ಟುವ ಮೊದಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ನಮ್ಮ ಕಡೆಯ ಶಿಕಾರಿ ನಿಂತಿತ್ತು. ಅಜ್ಜಯ್ಯನ ಕೋವಿಯನ್ನು ಗೋಡೆಯ ಮೇಲೆ ನೋಡಿದ್ದೇನೆಯೇ ಹೊರತು ಅದರ ಸದ್ದು ಕೇಳಿದ್ದು ನೆನಪಿಲ್ಲ. ಹಳೆಯ ಶಿಕಾರಿಗಳ ಮಾತು ಬಂದಾಗ ಅಜ್ಜಯ್ಯ ಹೊಡೆದ ಕಥೆಗಿಂತ ಪಾಲು ಹಂಚಿದ ಕಥೆಯನ್ನೇ ಹೆಚ್ಚು ಹೇಳುತ್ತಿದ್ದರು. ಯಾರಿಗೆ ತಲೆ, ಯಾರಿಗೆ ತೊಡೆ, ಬಿಲ್ಲಿಗೆ (ಕೋವಿ ಹಿಡಿದು ಕಾಯುವ ಜಾಗಕ್ಕೆ) ನಿಂತವರಿಗೆಷ್ಟು, ಸೋವಿದವರಿಗೆಷ್ಟು (ಸದ್ದುಮಾಡಿ ಪ್ರಾಣಿಯನ್ನು ಅಟ್ಟಿದವರಿಗೆಷ್ಟು). ಒಂದು ತುಂಡೂ ದಂಡವಾಗಬಾರದು ಎಂಬುದು ಅವರ ಕಟ್ಟಳೆ. ಕೊಲರಾಡೊದಲ್ಲಿ ಜಿಂಕೆ ಬೇಟೆ ಕಾನೂನಿಗೆ ಒಳಪಟ್ಟದ್ದು. ಪರವಾನಗಿಗೆ ಏಪ್ರಿಲ್‌ನಲ್ಲಿ ಅರ್ಜಿ ಹಾಕಿ ಚೀಟಿ ಎತ್ತುವುದನ್ನು ಕಾಯಬೇಕು. 1949ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದ ಎಲ್ಲರೂ ಬೇಟೆಗಾರರ ಸುರಕ್ಷತಾ ತರಗತಿ ಮುಗಿಸಿರಬೇಕು. ತಿನ್ನಬಹುದಾದ ಮಾಂಸವನ್ನು ಹಾಳುಮಾಡಿದರೆ ಅದೂ ಅಪರಾಧ. ಅಜ್ಜಯ್ಯನ ಕಟ್ಟಳೆ ಇಲ್ಲಿ ಕಾನೂನಿನ ಪುಸ್ತಕದಲ್ಲಿದೆ.

ಗಾಡಿ 1999ರ ಜೀಪ್ ಚೆರೋಕಿ. 4 ಲೀಟರಿನ, ಸಾಲಾಗಿ ಆರು ಸಿಲಿಂಡರಿನ ಎಂಜಿನ್. ಮೀಟರಿನಲ್ಲಿ 2,18,000 ಮೈಲಿ. ನಾನು ಮೂರನೆಯ ಮಾಲೀಕ, 4,800 ಡಾಲರ್ ಕೊಟ್ಟು ಕೊಂಡದ್ದು. ತೋಟದ ಮಹೀಂದ್ರ ಜೀಪಿನಲ್ಲಿ ಕಾಫಿ ಮೂಟೆಗಳ ಮೇಲೆ ಕೂತು ಬೆಳೆದವನಿಗೆ ಇದು ಕೈಗೆ ಒಗ್ಗಿದ ಗಾಡಿ. ಕೆಟ್ಟದ್ದಕ್ಕೆ ಗಾಡಿಯನ್ನು ದೂರುವುದಿಲ್ಲ. ಇಪ್ಪತ್ತೈದು ವರ್ಷದ ಕೆಸರು, ಉಪ್ಪು ಮತ್ತು ನನ್ನ ನಿರ್ಲಕ್ಷ್ಯ ಅದಕ್ಕೆ ಕಾರಣ.

ಮುರಿದ ರಾತ್ರಿ

ಮಾಂಟ್ರೋಸ್‌ನ ಪಶ್ಚಿಮಕ್ಕೆ ಅನ್‌ಕಂಪಾಗ್ರೆ ಪ್ರಸ್ಥಭೂಮಿ ಇದೆ. ಅದರ ಬೆನ್ನಿನುದ್ದಕ್ಕೂ ಡಿವೈಡ್ ರೋಡ್ ಎಂಬ ಜಲ್ಲಿ ರಸ್ತೆ ಸಾಗುತ್ತದೆ. ಅಲ್ಲಿಂದ ಕವಲೊಡೆದ ಒಂದು ಕಾಡುದಾರಿಯಲ್ಲಿ ನಾವು ಬೀಡುಬಿಟ್ಟಿದ್ದೆವು. ಹಿಂದಿನ ಎರಡು ದಿನಗಳಿಂದ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದಾಗಲೆಲ್ಲ ಮುಂದಿನ ಚಕ್ರದಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು. ಕಲ್ಲು ಸಿಕ್ಕಿಕೊಂಡಿರಬೇಕು ಎಂದುಕೊಂಡೆ. ಇಳಿದು ನೋಡಲಿಲ್ಲ. ಈ ಬರಹದಲ್ಲಿ ಹೇಳುವ ತಪ್ಪುಗಳಲ್ಲಿ ಮೊದಲನೆಯದು, ದೊಡ್ಡದು ಅದೇ.

ಸಂಜೆ ಹೊಡೆದ ಜಿಂಕೆಯನ್ನು ಕತ್ತಲಲ್ಲಿ ಬಿಡಿಸಿ, ಬಟ್ಟೆಯ ಚೀಲಗಳಿಗೆ ತುಂಬಿ, ಇನ್ನೂ ಬಿಸಿ ಆರಿರದ ಮಾಂಸವನ್ನು ಜೀಪಿನ ಹಿಂಭಾಗದಲ್ಲಿ ಒಂದರ ಮೇಲೊಂದು ಪೇರಿಸಿದೆವು. ಎರಡು ಗಂಟೆಯಲ್ಲಿ ಊರು ಸೇರುತ್ತೇವಲ್ಲ ಎಂಬ ಧೈರ್ಯ. ಎರಡು ಮೈಲಿ ಬರುವಷ್ಟರಲ್ಲಿ, ಒಂದು ತಿರುವಿನಲ್ಲಿ, ಎಡ ಚಕ್ರದ ಹತ್ತಿರ ಕೊಡಲಿಯಲ್ಲಿ ಹೊಡೆದಂಥ ಸದ್ದಾಯಿತು. ಚಕ್ರದ ಹಿಂದಿನ ಯೂ-ಜಾಯಿಂಟ್, ಅಂದರೆ ಆಕ್ಸಲ್‌ನ ಎರಡು ತುಂಡುಗಳನ್ನು ಬಾಗುವಂತೆ ಜೋಡಿಸುವ ಕೀಲು, ನಮ್ಮೂರ ಗ್ಯಾರೇಜಿನವರು ಕ್ರಾಸ್ ಎನ್ನುವ ಭಾಗ, ಬಿಚ್ಚಿಕೊಂಡಿತ್ತು. ಅದನ್ನು ಹಿಡಿಯುವ ಆಕ್ಸಲ್‌ನ ಕಿವಿಯೂ ಮುರಿದು ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಗಾಡಿ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಬಿಚ್ಚಲು 36 ಮಿಮೀ ಬಾಕ್ಸ್ ಪಾನಾ ಬೇಕು. ಇರಲಿಲ್ಲ. 13 ಮಿಮೀ, ಹನ್ನೆರಡು ಮೂಲೆಯ ಪಾನಾ ಬೇಕು. ಅದೂ ಇರಲಿಲ್ಲ. ಉಪಗ್ರಹ ಸಂದೇಶ ಸಾಧನದಿಂದ ಸುದ್ದಿ ಕಳಿಸಿ ಬೆಳಗಿನವರೆಗೆ ಕಾದೆವು. ಬೆಳಿಗ್ಗೆ ಚೀಲಗಳನ್ನು ತೆಗೆದು ನೆರಳಿನಲ್ಲಿ ತೂಗುಹಾಕಿದೆವು. ಆದರೆ ತಳದಲ್ಲಿ, ಪ್ಲಾಸ್ಟಿಕ್ ಹಾಳೆಯ ಮೇಲೆ, ಸಲಕರಣೆ ಪೆಟ್ಟಿಗೆಯ ಅಡಿಗೆ ಒಂದು ಚೀಲ ಉಳಿದುಬಿಟ್ಟಿತ್ತು. ಗುಂಡು ತಾಗಿ ರಕ್ತ ತುಂಬಿದ್ದ ಎಡ ಮುಂಗಾಲು ಅದರಲ್ಲಿತ್ತು. ಗಾಡಿ ಎಳೆಯುವ ಲಾರಿ ಬರುವಾಗ ಮಧ್ಯಾಹ್ನ. ಹಿಂದಿನ ಗಾಜಿನಿಂದ ಬಿಸಿಲು ಒಳಗೆ ಬಿದ್ದಿತ್ತು. ಊರಿನಲ್ಲಿ ಚೀಲ ಬಿಚ್ಚಿದಾಗ ಹುಳಿ ವಾಸನೆ. ಹಿರಿಯರು ಏನೂ ಹೇಳಲಿಲ್ಲ. ಅದನ್ನು ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು.

ಎಳೆತಂದದ್ದಕ್ಕೆ 940 ಡಾಲರ್. ಹಳೆಯ ಆಕ್ಸಲ್ ಒಂದನ್ನು ಹಾಕಿ ಮನೆ ಸೇರುವಂತೆ ಮಾಡಿಕೊಟ್ಟ ಗ್ಯಾರೇಜಿಗೆ 380.

ಜೂನ್ 8: ಪರೀಕ್ಷೆ

ಮುಂಭಾಗವನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿದೆ. ಎಡ ಚಕ್ರ ಕಣ್ಣಿಗೆ ಕಾಣುವಷ್ಟು ಅಲುಗಿತು. 3 ಮತ್ತು 9ರಲ್ಲಿ ಹಿಡಿದಾಗ ಅಲುಗಾಟ ಇಲ್ಲ, ಅಂದರೆ ಸ್ಟಿಯರಿಂಗ್ ಕೀಲುಗಳು ಸರಿಯಿವೆ. ಬಲ ಚಕ್ರ ಅಲುಗಲಿಲ್ಲ. ಆದರೆ ಸ್ಪ್ರಿಂಗಿನ ಮೇಲೆ ಕೈಯಿಟ್ಟು ಚಕ್ರ ತಿರುಗಿಸಿದಾಗ ಮರಳು ಅರೆದಂತೆ ಕೈಗೆ ತಿಳಿಯಿತು. ಬಲಗಡೆಯ ಕ್ರಾಸ್‌ನ ಟೋಪಿಗಳ (ತುದಿಗಳಿಗೆ ಕೂರುವ ಲೋಹದ ಮುಚ್ಚಳಗಳ) ಸುತ್ತ ಕೆಂಪು ತುಕ್ಕಿನ ಪುಡಿ. ಗ್ರೀಸು ಒಣಗಿ ಸೂಜಿ ಬೇರಿಂಗುಗಳು ಸವೆಯುತ್ತಿವೆ ಎಂಬುದಕ್ಕೆ ಆ ಪುಡಿಯೇ ಸಾಕ್ಷಿ. ಕಳೆದ ವರ್ಷ ಎಡಗಡೆಯಲ್ಲೂ ಅದು ಇದ್ದಿರಲೇಬೇಕು. ಟಾರ್ಚು ಹಿಡಿದು ಬಗ್ಗಿದ್ದರೆ ಕಾಣುತ್ತಿತ್ತು.

ತೀರ್ಮಾನ: ಎರಡೂ ಕಡೆ ಹಬ್ (ಚಕ್ರವನ್ನು ಬಿಗಿಯುವ ನಡುಭಾಗ) ಬೇರಿಂಗ್, ಎರಡೂ ಕಡೆ ಕ್ರಾಸ್. ಈ ಗಾಡಿಯಲ್ಲಿ ಹಬ್ ಮತ್ತು ಬೇರಿಂಗ್ ಒಂದೇ ಜೋಡಣೆಯಾಗಿ ಬರುತ್ತವೆ. ಬೇರಿಂಗನ್ನಷ್ಟೇ ಬದಲಿಸಲು ಬರುವುದಿಲ್ಲ.

ಜೂನ್ 9: ಬಿಚ್ಚಲು ಹೋಗಿ ಸೋತದ್ದು

ಚಕ್ರ ತೆಗೆದೆ. ಬ್ರೇಕ್ ಕ್ಯಾಲಿಪರನ್ನು ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ನೇತುಹಾಕಿದೆ. ರಬ್ಬರ್ ಕೊಳವೆಯಲ್ಲಿ ತೂಗಲು ಬಿಟ್ಟರೆ ಅದು ಒಳಗೊಳಗೇ ಹರಿಯುತ್ತದೆ. ಡಿಸ್ಕ್ ಸುಲಭವಾಗಿ ಬಂತು. ಸ್ಪ್ಲಿಟ್ ಪಿನ್ ಎಳೆದು 36 ಮಿಮೀ ನಟ್ಟಿಗೆ ಕೈಹಾಕಿದೆ.

ಇಲ್ಲಿ ಕ್ರಮ ತಪ್ಪಿದೆ. ಚಕ್ರ ತೆಗೆದ ಮೇಲೆ ನಟ್ಟು ತಿರುಗಿಸಿದರೆ ಹಬ್ ಕೂಡ ಜೊತೆಗೇ ತಿರುಗುತ್ತದೆ. ಚಕ್ರ ನೆಲದ ಮೇಲಿರುವಾಗಲೇ, ನಡುವಿನ ಮುಚ್ಚಳ ತೆಗೆದು, ಬ್ರೇಕ್ ಒತ್ತಿಸಿಕೊಂಡು ನಟ್ಟನ್ನು ಸಡಿಲಿಸಬೇಕಿತ್ತು. ಎಲ್ಲವನ್ನೂ ಮತ್ತೆ ಜೋಡಿಸಿ, ಗಾಡಿ ಇಳಿಸಿ, ಮಗನನ್ನು ಬ್ರೇಕಿನ ಮೇಲೆ ಕೂರಿಸಿ, ಪಾನಾಕ್ಕೆ ನಾಲ್ಕು ಅಡಿ ಉದ್ದದ ಕಬ್ಬಿಣದ ಕೊಳವೆ ಸೇರಿಸಿ ಒತ್ತಿದಾಗ ನಟ್ಟು ಬಂದೂಕು ಹಾರಿದಂತೆ ಸದ್ದುಮಾಡಿ ಬಿಟ್ಟಿತು.

ಹಬ್ಬನ್ನು ಹಿಡಿದಿಡುವುದು ಹಿಂದಿನಿಂದ ಬರುವ ಮೂರು ಬೋಲ್ಟುಗಳು. ಅವುಗಳ ತಲೆ ಹನ್ನೆರಡು ಮೂಲೆಯದು, ಸುತ್ತ ತುಕ್ಕಿನ ಪದರ. ತಂತಿ ಬ್ರಷ್ಷಿನಿಂದ ಉಜ್ಜಿ, ಪಾನಾ ಪೂರ್ತಿ ಕೂತಿದೆಯೇ ಎಂದು ಬೆರಳಿನಿಂದ ತಡವಿ ನೋಡಿ, ಆಮೇಲೆ ಬಲ ಹಾಕಬೇಕು. ಎರಡರಲ್ಲಿ ಹಾಗೇ ಮಾಡಿದೆ. ಮೂರನೆಯದಕ್ಕೆ ಬರುವ ಹೊತ್ತಿಗೆ ಸಂಜೆಯಾಗಿತ್ತು, ಅವಸರಪಟ್ಟೆ. ಪಾನಾ ಅರ್ಧ ಮಾತ್ರ ಕೂತಿತ್ತು. ಬೋಲ್ಟಿನ ತಲೆ ಗುಂಡಗಾಯಿತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಮನೆಯೊಳಗೆ ಹೋದೆ.

ಜೂನ್ 15: ಬೋಲ್ಟು ಬಂತು, ಹಬ್ ಬರಲಿಲ್ಲ, ಆಮೇಲೆ ಬಂತು

ಗುಂಡಗಾದ ತಲೆಯನ್ನು ಕಚ್ಚಿ ಹಿಡಿಯುವ ವಿಶೇಷ ಪಾನಾಗಳ ಒಂದು ಕಟ್ಟು ತಂದೆ, 31 ಡಾಲರ್. ಸುತ್ತಿಗೆಯಿಂದ ಬಡಿದು ಕೂರಿಸಿದ ಮೇಲೆ ಎರಡೇ ನಿಮಿಷದಲ್ಲಿ ಬೋಲ್ಟು ಹೊರಬಂತು. ಇದನ್ನು ಮೊದಲೇ ತಂದಿಟ್ಟುಕೊಂಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಹಬ್ ತನ್ನ ಗೂಡಿನಲ್ಲಿ ತುಕ್ಕಿನಿಂದ ಬೆಸೆದುಹೋಗಿತ್ತು. ಎರಡು ಗಂಟೆ ಸುತ್ತಿಗೆ ಬಡಿದೆ. ಹಿಂದಿನ ತಗಡಿನ ರಕ್ಷಾಕವಚ ಸೊಟ್ಟಗಾದದ್ದೇ ಲಾಭ. ಮಧ್ಯಾಹ್ನ ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯಿಂದ ಸದ್ದು ಕೇಳಿ ಬಂದು ಒಂದು ಉಪಾಯ ತೋರಿಸಿದರು. ಅದನ್ನು ವಿವರವಾಗಿ ಬರೆಯುತ್ತೇನೆ, ಇಡೀ ಕೆಲಸದಲ್ಲಿ ನನಗೆ ಹೆಚ್ಚು ನೆರವಾದದ್ದು ಇದೇ.

ಒಂದು ಬೋಲ್ಟನ್ನು ಮತ್ತೆ ಹಾಕಿ, ಆರೇಳು ಮಿಲಿಮೀಟರ್ ಹೊರಗುಳಿಯುವಷ್ಟು ಮಾತ್ರ ತಿರುಗಿಸಬೇಕು. ಅದರ ತಲೆಯ ಮೇಲೆ ಪಾನಾ ಮತ್ತು ಒಂದು ಗಿಡ್ಡ ಉದ್ದಿಕೆ ಸರಳನ್ನು ಕೂರಿಸಬೇಕು. ಆ ಸರಳಿನ ಇನ್ನೊಂದು ತುದಿ ಆಕ್ಸಲ್ ಕೊಳವೆಯ ಕೊನೆಯ ದಪ್ಪ ಎರಕಕ್ಕೆ ತಾಗಿ ನಿಲ್ಲಬೇಕು. ಈಗ ಎಂಜಿನ್ ಚಾಲೂ ಮಾಡಿ ಸ್ಟಿಯರಿಂಗನ್ನು ಬಲು ನಿಧಾನವಾಗಿ ತಿರುಗಿಸಿದರೆ ಪವರ್ ಸ್ಟಿಯರಿಂಗಿನ ಬಲವೇ ಬೋಲ್ಟಿನ ಮೂಲಕ ಹಬ್ಬನ್ನು ಹೊರಕ್ಕೆ ದಬ್ಬುತ್ತದೆ. ಒಂದು ಬದಿ ಒಂದೆರಡು ಮಿಲಿಮೀಟರ್ ಸರಿದ ಮೇಲೆ ಎದುರು ಬದಿಯ ಬೋಲ್ಟಿಗೆ ಬದಲಿಸಿ ಹಾಗೆಯೇ ಮಾಡಬೇಕು. ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕಡ್ಡಾಯ. ಸರಳು ಜಾರಿದರೆ ಗುಂಡಿನಂತೆ ಸಿಡಿಯುತ್ತದೆ. ಆದ್ದರಿಂದ ಚಕ್ರದ ಹತ್ತಿರ ಯಾರೂ ನಿಲ್ಲಬಾರದು, ಕೈ ಇಡಬಾರದು.

ನಾಲ್ಕು ಬಾರಿ ಹೀಗೆ ಎಡಬಲ ಮಾಡಿದಾಗ ಹಬ್ ಕಳಚಿ ಬಂತು. ಬಲಗಡೆಯದಕ್ಕೆ ಸುತ್ತಿಗೆ ಮುಟ್ಟಲೇ ಇಲ್ಲ, ಇಪ್ಪತ್ತು ನಿಮಿಷ ಸಾಕಾಯಿತು.

ಜೂನ್ 22: ಕ್ರಾಸ್‌ಗಳು

ಆಕ್ಸಲ್‌ಗಳನ್ನು ಎಳೆದು ಮೇಜಿನ ಮೇಲೆ ತಂದೆ. ಹೊಸ ಕ್ರಾಸ್ ಒಂದಕ್ಕೆ 29 ಡಾಲರ್. ಹಳೆಯದರ ಉಳಿಸು-ಕ್ಲಿಪ್ಪುಗಳನ್ನು ಕಿತ್ತು, ವೈಸ್‌ನಲ್ಲಿ ಹಿಡಿದು, ಚಿಕ್ಕ ಪಾನಾದಿಂದ ಒಂದು ಬದಿಯಲ್ಲಿ ಒತ್ತಿ ಇನ್ನೊಂದು ಬದಿಯ ದೊಡ್ಡ ಪಾನಾದೊಳಕ್ಕೆ ಟೋಪಿ ಬೀಳುವಂತೆ ಮಾಡಿದೆ. ಬಲಗಡೆಯ ಹಳೆಯ ಟೋಪಿಯಲ್ಲಿ ಗ್ರೀಸಿನ ಬದಲು ಕಾಫಿಪುಡಿಯಂಥ ಕಂದು ಪುಡಿ ಇತ್ತು.

ಹೊಸದನ್ನು ಕೂರಿಸುವಾಗ ಎಡಗಡೆಯ ಒಂದು ಟೋಪಿ ಕೊನೆಯ ಎರಡು ಮಿಲಿಮೀಟರ್ ಒಳಗಿಳಿಯಲಿಲ್ಲ. ಕ್ಲಿಪ್ಪು ಕೂರುವ ಕೊರಕಲು ಅರ್ಧ ಮಾತ್ರ ಕಾಣುತ್ತಿತ್ತು. ತುಕ್ಕು ಅಡ್ಡ ಬಂದಿದೆ ಎಂದುಕೊಂಡು ಸುತ್ತಿಗೆಯಿಂದ ಎರಡೇಟು ಹಾಕಿದೆ. ಒಳಗೆ ಒಂದು ಸೂಜಿ ಬೇರಿಂಗ್ ಮಲಗಿ ತಳಕ್ಕೆ ಬಿದ್ದಿತ್ತು. ನನ್ನ ಏಟಿಗೆ ಅದು ತುಂಡಾಗಿ ಟೋಪಿಯ ತಳವೂ ಸೀಳಿತು. ಮತ್ತೆ 29 ಡಾಲರ್. ಟೋಪಿ ಸಲೀಸಾಗಿ ಇಳಿಯದಿದ್ದರೆ ನಿಲ್ಲಿಸಿ, ಹೊರತೆಗೆದು, ಸೂಜಿಗಳನ್ನು ಎಣಿಸಿ ನೋಡಬೇಕು. ಜೋಡಿಸುವ ಮೊದಲು ಟೋಪಿಯ ಒಳಗೆ ದಪ್ಪಗೆ ಗ್ರೀಸು ಮೆತ್ತಿದರೆ ಸೂಜಿಗಳು ನಿಂತ ಜಾಗ ಬಿಡುವುದಿಲ್ಲ. ಬಲಗಡೆ ಹಾಗೆ ಮಾಡಿದೆ, ಮೊದಲ ಸಲಕ್ಕೇ ಕೂತಿತು.

ಜೂನ್ 23: ಜೋಡಣೆ

ಹಬ್ ಕೂರುವ ಗೂಡನ್ನು ತಂತಿ ಚಕ್ರದಿಂದ ಹೊಳೆಯುವವರೆಗೆ ಉಜ್ಜಿ, ತುಕ್ಕು ಹಿಡಿಯದ ಬೆಳ್ಳಿ ಬಣ್ಣದ ಲೇಪ ತೆಳುವಾಗಿ ಬಳಿದೆ. ಹೊಸ ಹಬ್ ಒಂದಕ್ಕೆ 118 ಡಾಲರ್. ಇದರ ಅರ್ಧ ಬೆಲೆಗೂ ಸಿಗುತ್ತವೆ. ಕಾಡಿನಲ್ಲಿ ಮತ್ತೊಂದು ರಾತ್ರಿ ಕಾಯುವ ಮನಸ್ಸಿರಲಿಲ್ಲ, ಅಗ್ಗದ್ದರ ತಂಟೆಗೆ ಹೋಗಲಿಲ್ಲ. ಬಿಗಿತದ ಅಳತೆ: ಹಬ್ ಬೋಲ್ಟುಗಳು 75 ಅಡಿ-ಪೌಂಡ್, ಆಕ್ಸಲ್ ನಟ್ಟು 175, ಚಕ್ರದ ನಟ್ಟುಗಳು 100. ಆರೂ ಹಬ್ ಬೋಲ್ಟುಗಳನ್ನು ಹೊಸದಾಗಿ ಹಾಕಿದೆ, ಸ್ಪ್ಲಿಟ್ ಪಿನ್ನುಗಳೂ ಹೊಸವು. ಇಪ್ಪತ್ತು ಮೈಲಿ ಓಡಿಸಿ ಬಂದೆ. ಸದ್ದಿಲ್ಲ, ಅಲುಗಾಟವಿಲ್ಲ. ಕೆಲಸ ಮುಗಿಯಿತು ಎಂದು ಪುಸ್ತಕದಲ್ಲಿ ಬರೆದೆ.

ಜುಲೈ 1: ಮುಗಿದಿರಲಿಲ್ಲ

ಬೆಳಿಗ್ಗೆ ಎಡ ಚಕ್ರದ ಕೆಳಗೆ ನೆಲದಲ್ಲಿ ಅಂಗೈಯಗಲ ಎಣ್ಣೆ. ಗಂಧಕದ ವಾಸನೆ, ಅಂದರೆ ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಗೇರ್ ಜೋಡಣೆಯಾದ ಡಿಫರೆನ್ಷಿಯಲ್‌ನ ಗೇರ್ ಎಣ್ಣೆ.

ತಪ್ಪು ಎಲ್ಲಿ ಆಯಿತೆಂದು ತಕ್ಷಣ ಗೊತ್ತಾಯಿತು. ಆಕ್ಸಲನ್ನು ವಾಪಸು ತೂರಿಸುವಾಗ ಅದರ ಭಾರವನ್ನೆಲ್ಲ ಒಳಗಿನ ಎಣ್ಣೆ ಸೀಲಿನ ಮೇಲೆ ಎಳೆದುಕೊಂಡು ಹೋಗಿದ್ದೆ. ಆಕ್ಸಲ್ ತುದಿಯ ಹಲ್ಲುಗಳು ಸೀಲಿನ ರಬ್ಬರನ್ನು ಹರಿದಿದ್ದವು. ಒಂದು ಕೈ ಕೆಳಗೆ ಕೊಟ್ಟು, ಆಕ್ಸಲನ್ನು ಕೊಳವೆಯ ನಡುವಿನಲ್ಲಿ ತೇಲಿಸಿಕೊಂಡು ಒಯ್ಯಬೇಕು. ಇನ್ನೊಬ್ಬರ ನೆರವು ಇದ್ದರೆ ಒಳ್ಳೆಯದು. ಅವತ್ತು ಮಗ ಮನೆಯಲ್ಲೇ ಇದ್ದ, ನಾನು ಕರೆಯಲಿಲ್ಲ.

ಈ ಜೀಪಿನ ಡಾನಾ 30 ಮಾದರಿಯ ಆಕ್ಸಲ್‌ನಲ್ಲಿ ಸೀಲು ಇರುವುದು ಹೊರತುದಿಯಲ್ಲಲ್ಲ, ಒಳಗೆ ಡಿಫರೆನ್ಷಿಯಲ್ ಪಕ್ಕದಲ್ಲಿ. ಹನ್ನೆರಡು ಡಾಲರಿನ ರಬ್ಬರ್ ಬಳೆಯನ್ನು ಬದಲಿಸಲು ಎರಡೂ ಚಕ್ರ, ಎರಡೂ ಹಬ್, ಎರಡೂ ಆಕ್ಸಲ್ ತೆಗೆದು, ಡಿಫರೆನ್ಷಿಯಲನ್ನೇ ಹೊರಗೆ ಕೀಳಬೇಕು.

ಜುಲೈ 6, 7 ಮತ್ತು 13: ಡಿಫರೆನ್ಷಿಯಲ್

ಮುಚ್ಚಳ ಬಿಚ್ಚಿ ಸುಮಾರು ಒಂದೂವರೆ ಲೀಟರ್ ಎಣ್ಣೆ ಇಳಿಸಿದೆ. ಬೇರಿಂಗ್ ಹಿಡಿಯುವ ಎರಡು ಕಮಾನುಗಳ ಮೇಲೆ ಚಾಣದಿಂದ ಗುರುತು ಹಾಕಿದೆ: ಎಡದ್ದಕ್ಕೆ ಒಂದು ಚುಕ್ಕೆ, ಬಲದ್ದಕ್ಕೆ ಎರಡು. ಅವು ಅದಲುಬದಲಾಗಬಾರದು, ತಲೆಕೆಳಗಾಗಬಾರದು. ಬೇರಿಂಗಿನ ಹೊರ ಬಳೆಗಳಿಗೂ ಅದೇ ನಿಯಮ. ಎರಡು ಉದ್ದನೆಯ ಹಾರೆಗಳಿಂದ ಮೀಟಿದಾಗ ಡಿಫರೆನ್ಷಿಯಲ್ ಒಮ್ಮೆಲೇ ಹೊರಗೆ ಹಾರಿತು. ಕೆಳಗೆ ಹಳೆಯ ಟೈರು ಇಟ್ಟಿದ್ದರಿಂದ ಕ್ರೌನ್ ಚಕ್ರದ ಹಲ್ಲು ಉಳಿಯಿತು. ಅಷ್ಟೊಂದು ಭಾರವಿರುತ್ತದೆಂದು ನಾನು ಎಣಿಸಿರಲಿಲ್ಲ. ಕೈ ಕೆಳಗಿದ್ದಿದ್ದರೆ ಬೆರಳು ಹೋಗುತ್ತಿತ್ತು.

ಹೊಸ ಸೀಲುಗಳನ್ನು ಕೂರಿಸಲು ಮೂರು ಅಡಿ ಉದ್ದದ ಮರೆಸರಳು (ಉದ್ದಕ್ಕೂ ಸ್ಕ್ರೂ ಸುತ್ತುಗಳಿರುವ ಸರಳು), ದಪ್ಪ ವಾಷರುಗಳು, ಎರಡು ನಟ್ಟು ಬಳಸಿ ಎರಡೂ ಸೀಲುಗಳನ್ನು ಒಟ್ಟಿಗೆ ಹೊರಕ್ಕೆ ಒತ್ತಿದೆ. ಕಾಲು ಸುತ್ತು ತಿರುಗಿಸುವುದು, ನೋಡುವುದು, ಮತ್ತೆ ಕಾಲು ಸುತ್ತು. ಒಂದು ಗಂಟೆ ಹಿಡಿಯಿತು. ಡಿಫರೆನ್ಷಿಯಲನ್ನು ಮರದ ಸುತ್ತಿಗೆಯಿಂದ ತಟ್ಟಿ ಕೂರಿಸಿ, ಕಮಾನಿನ ಬೋಲ್ಟುಗಳನ್ನು 45 ಅಡಿ-ಪೌಂಡ್, ಮುಚ್ಚಳದವನ್ನು 30ಕ್ಕೆ ಬಿಗಿದೆ. ಈ ಬಾರಿ ಆಕ್ಸಲ್ ತೂರಿಸುವಾಗ ಮಗ ಒಂದು ತುದಿ ಹಿಡಿದಿದ್ದ. ಸೀಲಿನ ತುಟಿಗೆ ಗ್ರೀಸು ಸವರಿದ್ದೆ.

ಎರಡು ವಾರ ಕೆಳಗೆ ರಟ್ಟು ಹಾಸಿಟ್ಟು ದಿನವೂ ನೋಡಿದೆ. ರಟ್ಟು ಒಣಗಿಯೇ ಇತ್ತು.

ಆಗಸ್ಟ್‌ನಲ್ಲಿ ಥರ್ಮೋಸ್ಟಾಟ್, ರೇಡಿಯೇಟರಿನ ಮೇಲಿನ ಕೊಳವೆ ಮತ್ತು ಕೂಲಂಟ್ ಬದಲಿಸಿದೆ. 79 ಡಾಲರ್. ಬರೆಯುವಂಥದ್ದೇನೂ ನಡೆಯಲಿಲ್ಲ.

ಸೆಪ್ಟೆಂಬರ್: ಕಾಡಿನ ಪೆಟ್ಟಿಗೆ, ಮತ್ತು ಅಭ್ಯಾಸ

ಮತ್ತೆ ಮುರಿದರೆ ಏನು ಮಾಡುವುದು ಎಂಬ ಪ್ರಶ್ನೆಗೆ ಒಂದು ಮರದ ಪೆಟ್ಟಿಗೆಯನ್ನು ಸಿದ್ಧಮಾಡಿದೆ. ಗುಜರಿಯಿಂದ 45 ಡಾಲರಿಗೆ ತಂದ ಒಂದು ಪೂರ್ತಿ ಆಕ್ಸಲ್, ತೆಗೆದಿಟ್ಟ ಹಳೆಯ ಬಲ ಹಬ್, 36 ಮತ್ತು 13 ಮಿಮೀ ಪಾನಾಗಳು, ಉದ್ದ ಹಿಡಿಕೆ, ಕೊಳವೆ, ಗ್ರೀಸು, ತಂತಿ, ಚಿಂದಿ ಬಟ್ಟೆ, ಎರಡು ತಲೆದೀಪ. ಕೆಸರಿನಲ್ಲಿ ಜಾಕ್ ಹೂತುಹೋಗದಂತೆ ಒಂದೂವರೆ ಅಡಿ ಚೌಕದ ದಪ್ಪ ಪ್ಲೈವುಡ್.

ಒಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ಕಳೆದ ವರ್ಷ ಆ ರಾತ್ರಿ, ಮುರಿದ ಆಕ್ಸಲನ್ನು ಹೇಗಾದರೂ ಪೂರ್ತಿ ಕಿತ್ತೆಸೆದು ಹಿಂದಿನ ಚಕ್ರಗಳ ಬಲದಲ್ಲೇ ಊರಿಗೆ ಹೋಗೋಣ ಎಂದು ನಾನು ವಾದಿಸಿದ್ದೆ. ಪಾನಾ ಇಲ್ಲದ್ದು ನಮ್ಮ ಪುಣ್ಯ. ಈ ಹಬ್ಬಿನ ಬೇರಿಂಗನ್ನು ಒಟ್ಟಾಗಿ ಬಿಗಿದು ಹಿಡಿದಿರುವುದೇ ಆಕ್ಸಲ್‌ನ ಹೊರತುಂಡು ಮತ್ತು ಅದರ ತುದಿಯ ನಟ್ಟು. ಹೊರತುಂಡು ಇಲ್ಲದೆ ಓಡಿಸಿದರೆ ಬೇರಿಂಗ್ ಬಿಚ್ಚಿಕೊಂಡು ಚಕ್ರವೇ ಕಳಚಿ ಹೋಗುತ್ತದೆ. ಸರಿಯಾದ ಕ್ರಮ ಇದು: ಕ್ರಾಸ್ ಬಿಚ್ಚಿ, ಒಳತುಂಡನ್ನು ತೆಗೆದು, ಹೊರತುಂಡನ್ನು ಮಾತ್ರ ಹಬ್ಬಿನೊಳಗೆ ಹಾಕಿ ನಟ್ಟು ಬಿಗಿಯಬೇಕು. ಆಕ್ಸಲ್ ಕೊಳವೆಯ ಬಾಯಿಗೆ ಚಿಂದಿ ತುರುಕಿ ಟೇಪು ಸುತ್ತಿ, ಎರಡು ಚಕ್ರದ ಚಾಲನೆಯಲ್ಲಿ ನಿಧಾನವಾಗಿ ಇಳಿಯಬೇಕು.

ಇದನ್ನು ಮನೆಯಂಗಳದಲ್ಲಿ ರಾತ್ರಿ ಹೊತ್ತು, ತಲೆದೀಪದ ಬೆಳಕಿನಲ್ಲಿ, ಪೆಟ್ಟಿಗೆಯಲ್ಲಿದ್ದ ಸಾಮಾನನ್ನಷ್ಟೇ ಬಳಸಿ ಮೂರು ಸಲ ಮಾಡಿದೆ. ಮೊದಲ ಸಲ 3 ಗಂಟೆ 10 ನಿಮಿಷ. ನಡುವೆ ಕ್ಲಿಪ್ ಕೀಳುವ ಇಕ್ಕಳ ಪೆಟ್ಟಿಗೆಯಲ್ಲಿಲ್ಲ ಎಂದು ತಿಳಿಯಿತು. ಎರಡನೆಯ ಸಲ 2 ಗಂಟೆ 5 ನಿಮಿಷ. ಮೂರನೆಯ ಸಲ 1 ಗಂಟೆ 20 ನಿಮಿಷ. ಇಕ್ಕಳ ಈಗ ಪೆಟ್ಟಿಗೆಯ ಮುಚ್ಚಳಕ್ಕೆ ಕಟ್ಟಿದೆ.

ಈವರೆಗಿನ ಖರ್ಚು, ಡಾಲರುಗಳಲ್ಲಿ: ಹಬ್‌ಗಳು 236, ಹಾಳಾದದ್ದೂ ಸೇರಿ ಮೂರು ಕ್ರಾಸ್ 87, ಸೀಲುಗಳು 24, ಗೇರ್ ಎಣ್ಣೆ ಮತ್ತು ಅಂಟು 38, ಪಾನಾ ಮತ್ತು ಹಿಡಿಕೆ 52, ಬೋಲ್ಟು ಕೀಳುವ ಕಟ್ಟು 31, ಹೊಸ ಬೋಲ್ಟುಗಳು 14, ಗುಜರಿ ಆಕ್ಸಲ್ 45, ಕೂಲಿಂಗ್ ಕೆಲಸ 79, ದೂರದಿಂದ ಶಾಖ ಅಳೆಯುವ ಮಾಪಕ 22. ಒಟ್ಟು 628. ಕಳೆದ ವರ್ಷ ಒಂದು ರಾತ್ರಿಗೆ 1,320 ಹೋಗಿತ್ತು.

ಅಕ್ಟೋಬರ್: ಮತ್ತೆ ಅದೇ ಬೆಟ್ಟಕ್ಕೆ

ಈ ವರ್ಷ ಚೀಟಿಯಲ್ಲಿ ನನ್ನ ಹೆಸರು ಬಂತು. ಒಂದು ಹೆಣ್ಣು ಮ್ಯೂಲ್ ಡಿಯರ್ (ಈ ಕಡೆಯ ಜಿಂಕೆ ಜಾತಿ) ಹೊಡೆಯಲು ಪರವಾನಗಿ. ಹಿರಿಯರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿತ್ತು, ಬರಲಿಲ್ಲ. ಮಗನ ಜೊತೆ ಹೊರಟೆ.

11,312 ಅಡಿ ಎತ್ತರದ ಮೊನಾರ್ಕ್ ಪಾಸ್ ಏರುವಾಗ ಎಂಜಿನ್ ಶಾಖದ ಮುಳ್ಳು ಅಲುಗಲಿಲ್ಲ. ಗನಿಸನ್‌ನಲ್ಲಿ ಪೆಟ್ರೋಲ್ ತುಂಬಿಸುವಾಗ ಹಬ್‌ಗಳ ಶಾಖ ಅಳೆದೆ. ಎಡ 46 ಡಿಗ್ರಿ ಸೆಲ್ಸಿಯಸ್, ಬಲ 71.

ಎದೆ ಧಸಕ್ಕೆಂದಿತು. ಅಲ್ಲೇ ಬದಿಗೆ ನಿಲ್ಲಿಸಿ ಚಕ್ರ ಎತ್ತಿದೆ. ಬೇರಿಂಗ್ ಚೆನ್ನಾಗಿತ್ತು. ಬ್ರೇಕ್ ಬಿಟ್ಟ ಮೇಲೂ ಚಕ್ರ ಬಿಗಿಯಾಗಿ ತಿರುಗುತ್ತಿತ್ತು. ಕ್ಯಾಲಿಪರ್ ಜಾರುವ ಪಿನ್ನುಗಳನ್ನು ನಾನು ಎರಡು ಸಲ ಬಿಚ್ಚಿ ಎರಡು ಸಲ ಹಾಕಿದ್ದರೂ ಒಂದು ಸಲವೂ ಒರೆಸಿ ಗ್ರೀಸು ಹಾಕಿರಲಿಲ್ಲ. ಬಲಗಡೆಯ ಮೇಲಿನ ಪಿನ್ ಒಣಗಿ ಸಿಕ್ಕಿಕೊಂಡಿತ್ತು. ಉಜ್ಜಿ, ಗ್ರೀಸು ಬಳಿದು, ಐವತ್ತು ನಿಮಿಷದಲ್ಲಿ ಮುಗಿಸಿದೆವು. ಮಾಂಟ್ರೋಸ್‌ನಲ್ಲಿ ಅಳೆದಾಗ ಎಡ 44, ಬಲ 45. ಆ 22 ಡಾಲರಿನ ಮಾಪಕ ಇಲ್ಲದಿದ್ದರೆ ಈ ವರ್ಷವೂ ಕಾಡಿನಲ್ಲೇ ಗೊತ್ತಾಗುತ್ತಿತ್ತು.

ಎರಡನೆಯ ರಾತ್ರಿ ನಾಲ್ಕು ಇಂಚು ಹಿಮ ಬಿತ್ತು. ಈ ಬೆಟ್ಟದ ಜೇಡಿಮಣ್ಣು ಒದ್ದೆಯಾದರೆ ಟೈರಿನ ಹಲ್ಲುಗಳೊಳಗೆ ತುಂಬಿಕೊಂಡು ಚಕ್ರವನ್ನು ನುಣ್ಣಗಿನ ಗುಂಡು ಮಾಡಿಬಿಡುತ್ತದೆ. ಬೆಳಗಿನ ಜಾವ ನೆಲ ಹೆಪ್ಪುಗಟ್ಟಿರುವಾಗಲೇ ಹೊರಟು, ದಾರಿಯ ಬದಿಯಲ್ಲಿ ಜೀಪು ನಿಲ್ಲಿಸಿ ನಡೆದೆವು. ನಕ್ಷೆಯಲ್ಲಿ ತೋರಿಸಿದ ದಾರಿ ಬಿಟ್ಟು ಗಾಡಿ ಇಳಿಸುವಂತಿಲ್ಲ, ಅದು ನ್ಯಾಯವೂ ಹೌದು. ಇಬ್ಬರ ಮೈಮೇಲೂ ಕಿತ್ತಳೆ ಬಣ್ಣದ ಅಂಗಿ, ಟೋಪಿ.

ಎಲೆ ಉದುರಿದ ಆಸ್ಪೆನ್ ಮರಗಳ ಅಂಚಿನಲ್ಲಿ, ಕುಳ್ಳ ಓಕ್ ಪೊದೆಗಳ ನಡುವೆ ಐದು ಜಿಂಕೆಗಳು ಮೇಯುತ್ತಿದ್ದವು. ಹೇಸರಗತ್ತೆಯಂಥ ದೊಡ್ಡ ಕಿವಿಗಳು ಒಂದೊಂದೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತಿದ್ದವು. 160 ಗಜ. ಬೆನ್ನಚೀಲದ ಮೇಲೆ ಕೋವಿ ಇಟ್ಟು, ಮರಿ ಜೊತೆಗಿಲ್ಲದ ಒಂಟಿ ಹೆಣ್ಣನ್ನು ಆರಿಸಿ, ಅದು ಅಡ್ಡಲಾಗಿ ನಿಲ್ಲುವವರೆಗೆ ಕಾದೆ. ಈಡಿಗೆ ಉಳಿದ ನಾಲ್ಕು ನಾಲ್ಕೂ ಕಾಲುಗಳಲ್ಲಿ ಒಟ್ಟಿಗೆ ಪುಟಿಯುತ್ತ ಇಳಿಜಾರು ದಾಟಿದವು. ಇದು ನಲವತ್ತು ಹೆಜ್ಜೆ ನಡೆದು ಬಿತ್ತು. ಹತ್ತಿರ ಹೋಗಿ ಕೂತೆ. ಮಗ ಅದರ ಕಿವಿಯನ್ನು ಸವರಿದ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬಿಡಿಸಿದ ಮಾಂಸವನ್ನು ಈ ಸಲ ಅವಸರದಲ್ಲಿ ಪೇರಿಸಲಿಲ್ಲ. ಬಟ್ಟೆ ಚೀಲಗಳಲ್ಲಿ ಹಾಕಿ, ಗಾಳಿಯಾಡುವಂತೆ ಕೊಂಬೆಗೆ ತೂಗುಹಾಕಿ, ಮುಟ್ಟಿದರೆ ತಣ್ಣಗೆ ಎನ್ನಿಸುವವರೆಗೆ ಎರಡು ಗಂಟೆ ಕಾದೆವು. ಪರವಾನಗಿಯ ಚೀಟಿ ಕಟ್ಟಿ, ಒಂದು ಮೈಲಿ ದೂರವನ್ನು ಮೂರು ಸಲ ಹೊತ್ತು ದಾಟಿಸಿದೆವು. ಜೀಪಿನಲ್ಲಿ ಮಂಜುಗಡ್ಡೆಯ ಪೆಟ್ಟಿಗೆ, ನೀರು ಇಳಿಯುವ ಬಿರಡೆ ತೆಗೆದದ್ದು. ಸಲಕರಣೆ ಪೆಟ್ಟಿಗೆಯನ್ನು ಬೇರೆ ಬದಿಗೆ ಬಿಗಿದಿದ್ದೆ. ಚೀಲಗಳನ್ನು ಮಗ ಎಣಿಸಿ ಹೇಳಿದ, ನಾನು ಬರೆದುಕೊಂಡೆ.

ಇಳಿಯುವ ಹೊತ್ತಿಗೆ ಹಿಮ ಕರಗಿ ದಾರಿ ಗಂಜಿಯಾಗಿತ್ತು. ಹಿಂದಿನ ಚಕ್ರಗಳಿಗೆ ಸರಪಳಿ ಕಟ್ಟಿ, ನಾಲ್ಕು ಚಕ್ರದ ಕೆಳ ಗೇರಿನಲ್ಲಿ, ನಡೆಯುವ ವೇಗದಲ್ಲಿ ಬಂದೆವು. ಕಳೆದ ವರ್ಷ ಮುರಿದ ತಿರುವಿಗೆ ಸ್ವಲ್ಪ ಮೊದಲು ನಿಲ್ಲಿಸಿ, ಇಳಿದು, ಟಾರ್ಚು ಹಿಡಿದು ಎರಡೂ ಕ್ರಾಸ್ ನೋಡಿದೆ. ತುಕ್ಕಿನ ಪುಡಿ ಇಲ್ಲ. ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ತಿರುವು ದಾಟಿದೆ. ಕಿಟಕಿ ಇಳಿಸಿ ಕೇಳಿದರೆ ಕೆಸರಿನ ಸದ್ದು ಮಾತ್ರ. 6 ಗಂಟೆ 40 ನಿಮಿಷಕ್ಕೆ ಮಾಂಟ್ರೋಸ್.

ನವೆಂಬರ್

ಕೊಲರಾಡೊದ ಜಿಂಕೆಗಳಲ್ಲಿ ಮಿದುಳನ್ನು ಕೊರೆದು ಮೈ ಸೊರಗಿಸುವ, ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಒಂದು ರೋಗ ಇದೆ. ಅದು ಮೊದಲು ಕಾಣಿಸಿಕೊಂಡದ್ದು 1967ರಲ್ಲಿ, ಇದೇ ರಾಜ್ಯದ ಫೋರ್ಟ್ ಕಾಲಿನ್ಸ್‌ನ ಸಂಶೋಧನಾ ಕೇಂದ್ರದಲ್ಲಿ ಸಾಕಿದ್ದ ಮ್ಯೂಲ್ ಡಿಯರ್‌ಗಳಲ್ಲಿ. ತಲೆಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ಮಾಂಸವನ್ನು ಮುಟ್ಟದೆ ಫ್ರೀಜರಿನಲ್ಲಿಟ್ಟಿದ್ದೆ. ರೋಗವಿಲ್ಲ ಎಂದು ಬಂದ ದಿನ ಒಂದು ಮುಂಗಾಲನ್ನು ಕಾಗದದಲ್ಲಿ ಸುತ್ತಿ ಪಕ್ಕದ ಮನೆಗೆ ಒಯ್ದೆ. ಹಿರಿಯರು ಊರುಗೋಲು ಗೋಡೆಗೆ ಒರಗಿಸಿ ಎರಡು ಕೈಯಲ್ಲಿ ತೆಗೆದುಕೊಂಡರು.

“ಯಾವ ಕಡೆಯದು?” ಎಂದು ಕೇಳಿದರು.

“ಎಡಗಡೆಯದು.”

ತಲೆಯಾಡಿಸಿದರು. ಆಮೇಲೆ ಜೀಪಿನ ಸೀಲು ಹೇಗಿದೆ ಎಂದು ವಿಚಾರಿಸಿದರು. ಎಡ ಕೊಳವೆಯ ತುದಿಯಲ್ಲಿ ನಿನ್ನೆಯಿಂದ ಸ್ವಲ್ಪ ಒದ್ದೆ ಕಾಣುತ್ತಿದೆ, ಎಣ್ಣೆಯೋ ಕರಗಿದ ಹಿಮವೋ ತಿಳಿಯುತ್ತಿಲ್ಲ ಎಂದೆ. ಕೆಳಗೆ ಮತ್ತೆ ರಟ್ಟು ಹಾಸಿದ್ದೇನೆ.